ಗೋಲ್ಡನ್ ಡಾನ್ ಬಗ್ಗೆ ಹರಿದಾಡುತ್ತಿರುವ ಮಾತಿಗೆ ಒಂದು ಸ್ಪಷ್ಟನೆ

‘ಗ್ರೀಸ್‌ನಲ್ಲಿ ಜನ ಆರಿಸಿದ ಗೋಲ್ಡನ್ ಡಾನ್ ಪಕ್ಷವನ್ನು ಬರೀ ವಿಚಾರಗಳಿಗಾಗಿ ಸರ್ಕಾರ ನಿಷೇಧಿಸಿ, ನಾಯಕರನ್ನು ಜೈಲಿಗೆ ಹಾಕಿತು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಆರ್ಥಿಕ ಕುಸಿತದ ಸಿಟ್ಟಿನಲ್ಲಿ, 2012ರ ಜೂನ್ ಚುನಾವಣೆಯಲ್ಲಿ ಹಿಟ್ಲರನ ವಿಚಾರಗಳನ್ನು ಒಪ್ಪುವ ಈ ನವ-ನಾಜಿ ಪಕ್ಷಕ್ಕೆ 18 ಸೀಟು ಸಿಕ್ಕಿದ್ದು ನಿಜ. ಆದರೆ ಬೀದಿಯಲ್ಲಿ ಅದರ ಗುಂಪುಗಳು ಮಾಡುತ್ತಿದ್ದುದೇ ಬೇರೆ. ರಾತ್ರಿ ಈಜಿಪ್ಟಿನ ಮೀನುಗಾರರ ಮನೆ ಮೇಲೆ ದಾಳಿ ಮಾಡಿ ಹೊಡೆದರು. 2013ರ ಸೆಪ್ಟೆಂಬರ್ 18ರಂದು ಅಥೆನ್ಸ್ ಬಳಿಯ ಕೆರಾಟ್ಸಿನಿಯಲ್ಲಿ ರ‍್ಯಾಪ್ ಗಾಯಕ ಪಾವ್ಲೋಸ್ ಫಿಸಾಸ್ ಸ್ನೇಹಿತರ ಜೊತೆ ಕೆಫೆಯಲ್ಲಿ ಫುಟ್‌ಬಾಲ್ ನೋಡಿ ಹೊರಗೆ ಬಂದಿದ್ದರು, ಅಷ್ಟೇ. ಗುಂಪು ಸುತ್ತುವರಿಯಿತು, ಪಕ್ಷದವನೊಬ್ಬ ಚಾಕು ಹಾಕಿ ಕೊಂದ. ಫಿಸಾಸ್‌ಗಿನ್ನೂ 34 ವರ್ಷ.

ಪಕ್ಷದ ನಾಯಕರ ಮೇಲಿನ ವಿಚಾರಣೆ ಐದು ವರ್ಷಕ್ಕೂ ಜಾಸ್ತಿ ನಡೆಯಿತು. ಮಗನನ್ನು ಕಳೆದುಕೊಂಡ ಫಿಸಾಸ್ ತಾಯಿ ಬಿಡದೆ ಕೋರ್ಟಿಗೆ ಬಂದು ಕೂತರು. ಅದನ್ನು ನೆನೆದರೆ ಇಂದಿಗೂ ಗಂಟಲು ಕಟ್ಟುತ್ತದೆ. 2020ರ ಅಕ್ಟೋಬರ್ 7ರಂದು ಕೋರ್ಟು, ನಾಯಕರು ನಡೆಸುತ್ತಿದ್ದುದು ಅಪರಾಧಿ ಸಂಘಟನೆ ಎಂದಿತು. ಮುಖ್ಯಸ್ಥ ನಿಕೋಸ್ ಮಿಖಲೋಲಿಯಾಕೋಸ್‌ಗೆ 13 ವರ್ಷ ಶಿಕ್ಷೆಯಾಯಿತು. ವಿಚಾರಕ್ಕಲ್ಲ, ಅಪರಾಧಕ್ಕೆ.

ಇನ್ನು ಸಂಸತ್ತಿನಿಂದ ಅವರನ್ನು ಹೊರಹಾಕಿದ್ದು ಸರ್ಕಾರ ಅಲ್ಲ, ಮತದಾರರು. ತೀರ್ಪಿಗೂ ಮೊದಲೇ, 2019ರ ಜುಲೈನಲ್ಲಿ, ಬೇಕಿದ್ದ ಶೇ 3ರಷ್ಟು ಮತವೂ ಅವರಿಗೆ ಬೀಳಲಿಲ್ಲ.