ಹೊಲದ ಪಕ್ಕದವರನ್ನೂ ಒಂದು ಮಾತು ಕೇಳಿ

ಹೊಲದಲ್ಲಿ ಮನೆ ಕಟ್ಟಬೇಡಿ ಎಂದು ಪತ್ರ ಬರೆಯುವುದು ಇಂಗ್ಲೆಂಡಿನ ಹಳ್ಳಿಗಳಲ್ಲಿ ಹೆಚ್ಚುಕಡಿಮೆ ಒಂದು ಹವ್ಯಾಸ. ನಾನಿರುವ ಬೆಡ್‌ಫರ್ಡ್‌ಶೈರ್‌ನ ಹಳ್ಳಿಯಲ್ಲೂ ಈಗ ಅದೇ ಗಲಾಟೆ. ಊರಾಚೆಯ ಗೋಧಿ ಹೊಲದಲ್ಲಿ ಇನ್ನೂರು ಚಿಲ್ಲರೆ ಮನೆ ಕಟ್ಟುತ್ತೇವೆ ಅಂತ ಒಂದು ಬಿಲ್ಡರ್ ಕಂಪನಿ ಅರ್ಜಿ ಹಾಕಿದೆ. ನಾನೂ ಆಕ್ಷೇಪಣೆ ಬರೆದು ಕಳಿಸಿದೆ. ಬರೆಯುವಾಗ ತಲೆಯಲ್ಲಿ ಓಡುತ್ತಿದ್ದದ್ದು ಮಾತ್ರ ದೊಡ್ಡಬಳ್ಳಾಪುರದ ಕಡೆ ಇರುವ ನಮ್ಮ ರಾಗಿ ಹೊಲ, ಮತ್ತು ಅದರ ಮಗ್ಗುಲಲ್ಲೇ ಎದ್ದಿರುವ ಲೇಔಟು. ಆ ಲೇಔಟ್ ಬರುವಾಗ ನಮ್ಮನ್ನು ಯಾರೂ ಏನೂ ಕೇಳಿರಲಿಲ್ಲ.

ಇಲ್ಲಿನ ಕ್ರಮ ಹೀಗಿದೆ. ಅರ್ಜಿ ಕೌನ್ಸಿಲ್‌ಗೆ, ಅಂದರೆ ಸ್ಥಳೀಯ ಆಡಳಿತಕ್ಕೆ, ಹೋದ ಮೇಲೆ ಹೊಲದ ಹತ್ತಿರದ ದೀಪದ ಕಂಬಕ್ಕೆ ಒಂದು ನೋಟಿಸ್ ಕಟ್ಟುತ್ತಾರೆ. ಅದರಲ್ಲಿ ಒಂದು ನಂಬರ್ ಇರುತ್ತದೆ. ಅದನ್ನು ಕೌನ್ಸಿಲ್ ಜಾಲತಾಣದಲ್ಲಿ ಹಾಕಿದರೆ ಸಾಕು, ನಕ್ಷೆ, ರಸ್ತೆಯ ಮೇಲೆ ಎಷ್ಟು ವಾಹನ ಜಾಸ್ತಿ ಆಗುತ್ತದೆ ಅನ್ನುವ ಲೆಕ್ಕ, ಮಳೆನೀರು ಎಲ್ಲಿಗೆ ಹರಿಯುತ್ತದೆ, ಬೇಲಿಯಲ್ಲಿ ಬಾವಲಿ ಇದೆಯಾ, ಹೊಂಡದಲ್ಲಿ ನ್ಯೂಟ್ ಎನ್ನುವ ಹಲ್ಲಿಯಂಥ ಪ್ರಾಣಿ ಇದೆಯಾ, ಮಣ್ಣು ಯಾವ ದರ್ಜೆಯದು, ಎಲ್ಲವೂ ಬಿಟ್ಟಿಯಾಗಿ ಸಿಗುತ್ತದೆ. ಕನಿಷ್ಠ 21 ದಿನ ಕಾಲಾವಕಾಶ. ಯಾರು ಬೇಕಾದರೂ ಬರೆಯಬಹುದು. ಜಮೀನು ಇರಬೇಕಾಗಿಲ್ಲ, ಬಾಡಿಗೆ ಮನೆಯವರಾದರೂ ಆಗುತ್ತದೆ, ಎಲ್ಲಿಂದಲೋ ಬಂದ ನನ್ನಂಥವನೂ ಬರೆಯಬಹುದು.

ಆದರೆ ಏನು ಬೇಕಾದರೂ ಬರೆದರೆ ನಡೆಯುವುದಿಲ್ಲ. ನನ್ನ ಮನೆಯ ಬೆಲೆ ಇಳಿಯುತ್ತದೆ ಅಂದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಿಟಕಿಯಿಂದ ಕಾಣುವ ಹಸಿರು ಹೋಗುತ್ತದೆ ಅಂದರೂ ಅಷ್ಟೇ. ಬಿಲ್ಡರ್ ಕಳ್ಳ ಎಂದು ಬೈದರಂತೂ ಪತ್ರ ಮೂಲೆಗೆ. ರಸ್ತೆ, ಚರಂಡಿ, ಪ್ರವಾಹ, ಶಾಲೆಯಲ್ಲಿ ಜಾಗ, ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್, ಹೊಲದ ನಡುವಿನ ಕಾಲುದಾರಿ, ಮಣ್ಣಿನ ಗುಣ, ಇಂಥವನ್ನು ಹೇಳಬೇಕು. ನನಗೆ ಈ ನಿಯಮ ತುಂಬಾ ಹಿಡಿಸಿತು. ಸಿಟ್ಟನ್ನು ಪಕ್ಕಕ್ಕಿಟ್ಟು ವಿಷಯ ಹುಡುಕುವ ಹಾಗೆ ಮಾಡುತ್ತದೆ.

ನಾನು ಬರೆದದ್ದು ಮುಖ್ಯವಾಗಿ ಮಣ್ಣಿನ ಬಗ್ಗೆ. ಇಲ್ಲಿ ಕೃಷಿಭೂಮಿಗೆ 1ರಿಂದ 5ರವರೆಗೆ ದರ್ಜೆ ಇದೆ. ಮೂರನೆಯದರಲ್ಲಿ 3ಎ, 3ಬಿ ಅಂತ ಎರಡು. 1, 2 ಮತ್ತು 3ಎ ಒಳ್ಳೆಯ ಭೂಮಿ, ಕೈಲಾದಷ್ಟು ಅದನ್ನು ಬಿಟ್ಟು ಬೇರೆ ಕಡೆ ಕಟ್ಟಿ ಅನ್ನುವುದು ಸರ್ಕಾರದ ನೀತಿ. ಈ ಗೋಧಿ ಹೊಲದ ಬಹುಪಾಲು 2ನೇ ದರ್ಜೆ. ಅದು ಬಿಲ್ಡರ್ ಕೊಟ್ಟ ವರದಿಯಲ್ಲೇ ಇದೆ! ಪುಟ ತಿರುಗಿಸುವ ತಾಳ್ಮೆ ಇದ್ದರೆ ಸಾಕು. ಜೊತೆಗೆ ಕಾಲುದಾರಿಯ ಬಗ್ಗೆಯೂ ಎರಡು ಸಾಲು ಸೇರಿಸಿದೆ. ಇಲ್ಲಿ ರೈತನ ಹೊಲದ ನಡುವೆ ಹಾದುಹೋಗುವ ಹಳೆಯ ಕಾಲುದಾರಿಗಳಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಇದೆ, ಕಾನೂನಿನ ನಕ್ಷೆಯಲ್ಲೇ ಅವು ಗುರುತಾಗಿವೆ. ನಮ್ಮಲ್ಲೂ ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿ ಇರುತ್ತವೆ ಅಲ್ವಾ? ನಕಾಶೆಯಲ್ಲಿ ಇರುತ್ತವೆ, ಅಷ್ಟೇ.

ಇಷ್ಟು ಓದಿ, ಆಹಾ ಎಂಥ ಪ್ರಜಾಪ್ರಭುತ್ವ ಅಂದುಕೊಳ್ಳಬೇಡಿ. ಐನೂರು ಜನ ಬರೆದರೂ ಅದು ಓಟಲ್ಲ, ತೂಕ ನೋಡುತ್ತಾರೆಯೇ ಹೊರತು ಸಂಖ್ಯೆಯನ್ನಲ್ಲ. ಮುಂದಿನ 5 ವರ್ಷಕ್ಕೆ ಬೇಕಾದಷ್ಟು ಮನೆಗೆ ಜಾಗ ತೋರಿಸಲು ಕೌನ್ಸಿಲ್‌ಗೆ ಆಗದಿದ್ದರೆ ತಕ್ಕಡಿ ತಾನಾಗಿಯೇ ಬಿಲ್ಡರ್ ಕಡೆ ವಾಲುತ್ತದೆ. ಕೌನ್ಸಿಲ್ ಬೇಡ ಅಂದರೂ ಬಿಲ್ಡರ್ ಮೇಲ್ಮನವಿ ಹಾಕಬಹುದು, ಆಗ ಹೊರಗಿನಿಂದ ಬಂದ ಯೋಜನಾ ಇನ್‌ಸ್ಪೆಕ್ಟರ್ ತೀರ್ಪು ಕೊಡುತ್ತಾರೆ. ಕೌನ್ಸಿಲ್ ಹ್ಞೂಂ ಅಂದರೆ ನಮಗೆ ಮೇಲ್ಮನವಿಯೇ ಇಲ್ಲ. 6 ವಾರದೊಳಗೆ ಕೋರ್ಟಿಗೆ ಹೋಗಬೇಕು, ಅದಕ್ಕೆ ದುಡ್ಡು ಯಾರ ಹತ್ತಿರ ಇದೆ? ಈಗಿನ ಸರ್ಕಾರ ತನ್ನ ಅವಧಿಯಲ್ಲಿ 15 ಲಕ್ಷ ಮನೆ ಆಗಬೇಕು ಅಂತ ಹಟ ಹಿಡಿದಿದೆ, 2024ರ ಡಿಸೆಂಬರ್‌ನಲ್ಲಿ ನಿಯಮಗಳನ್ನೂ ಅದಕ್ಕೆ ತಕ್ಕಂತೆ ಬದಲಿಸಿದೆ. ಹಾಗಾಗಿ ನಮ್ಮ ಗೋಧಿ ಹೊಲ ಉಳಿಯುತ್ತದೆ ಅನ್ನುವ ಭ್ರಮೆ ನನಗಿಲ್ಲ.

ಇನ್ನೊಂದು ವಿಷಯ ಇದೆ, ಇದನ್ನು ಇಲ್ಲಿನ ಗೆಳೆಯರ ಎದುರು ಹೇಳಿದರೆ ಮುಖ ಗಂಟಿಕ್ಕುತ್ತಾರೆ. ಪ್ಯಾರಿಷ್ ಕೌನ್ಸಿಲ್ (ನಮ್ಮ ಗ್ರಾಮ ಪಂಚಾಯಿತಿಯಂಥದ್ದು) ಸಭೆಗೆ ಬಂದವರಲ್ಲಿ ಮುಕ್ಕಾಲು ಪಾಲು ಸಾಲ ತೀರಿಸಿ ಸ್ವಂತ ಮನೆಯಲ್ಲಿ ಕೂತವರು. ಮನೆ ಬೇಕಾಗಿರುವ ಹುಡುಗ ಹುಡುಗಿಯರು ಅಲ್ಲಿಗೆ ಬರುವುದೇ ಇಲ್ಲ, ಅವರು ಬೇರೆ ಊರಿನಲ್ಲಿ ಸಂಬಳದ ಅರ್ಧ ಬಾಡಿಗೆಗೆ ಕೊಡುತ್ತಾ ಇರುತ್ತಾರೆ. ನಮ್ಮ ಬೀದಿ ಕೂಡ ಹಿಂದೆ ಹೊಲವೇ ಆಗಿತ್ತು. ಆಗಲೂ ಯಾರೋ ಆಕ್ಷೇಪಿಸಿರುತ್ತಾರೆ. ಅದರಿಂದ ಮನೆಯೇ ಬೇಡ ಅನ್ನುವವರ ಗುಂಪಿನಲ್ಲಿ ನಾನಿಲ್ಲ. ಪಕ್ಕದ ಪಟ್ಟಣದಲ್ಲಿ ಮುಚ್ಚಿಹೋದ ಕಾರ್ಖಾನೆಯ ಜಾಗ ಖಾಲಿ ಬಿದ್ದಿರುವಾಗ 2ನೇ ದರ್ಜೆಯ ಮಣ್ಣಿನ ಮೇಲೆ ಡಾಂಬರು ಸುರಿಯಬೇಡಿ ಅನ್ನುವುದಷ್ಟೇ ನನ್ನ ತಕರಾರು.

ಈ ಗಲಾಟೆಯಲ್ಲಿ ತುಟಿ ಬಿಚ್ಚದವರು ಒಬ್ಬರೇ. ಹೊಲದ ರೈತ. ಯಾಕೆಂದರೆ ಅನುಮತಿ ಸಿಕ್ಕರೆ ಕೊಡುತ್ತೇನೆ ಅಂತ ಅವರು ಬಿಲ್ಡರ್ ಜೊತೆ ಮೊದಲೇ ಕರಾರು ಮಾಡಿಕೊಂಡಿದ್ದಾರೆ. ಬೇಸಾಯದ ಭೂಮಿಗೆ ಇಲ್ಲಿ ಎಕರೆಗೆ ಸುಮಾರು 10 ಸಾವಿರ ಪೌಂಡ್, ಮನೆ ಕಟ್ಟಲು ಅನುಮತಿ ಸಿಕ್ಕ ಭೂಮಿಗೆ ಅದರ ಹತ್ತಾರು ಪಟ್ಟು. ಅವರನ್ನು ದೂರಲಾರೆ. ಆದರೆ ನಮ್ಮೂರಿನಿಂದ ಬಂದವನಿಗೆ ಇದು ಪೂರ್ತಿ ತಲೆಕೆಳಗಾದ ಚಿತ್ರ. ಇಲ್ಲಿ ಜಮೀನಿನವನು ಸುಮ್ಮನಿರುತ್ತಾನೆ, ಊರು ಕೂಗುತ್ತದೆ. ನಮ್ಮಲ್ಲಿ ಸರ್ಕಾರ ಬಂದರೆ ಜಮೀನಿನವನೊಬ್ಬನೇ ಕೂಗಬೇಕು, ಖಾಸಗಿಯವರು ಬಂದರೆ ಯಾರೂ ಕೂಗುವುದಿಲ್ಲ.

ಮೊದಲು ಸರ್ಕಾರದ ಕಥೆ. ಶಿವರಾಮ ಕಾರಂತ ಬಡಾವಣೆಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಪ್ರಾಥಮಿಕ ಅಧಿಸೂಚನೆ ಹೊರಡಿಸಿದ್ದು 2008ರಲ್ಲಿ. 17 ಹಳ್ಳಿ, 3,546 ಎಕರೆ. ಅಂತಿಮ ಅಧಿಸೂಚನೆ ಬಂದದ್ದು 2018ರಲ್ಲಿ, ಅದೂ ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ನಡುವಿನ 10 ವರ್ಷ ಆ ರೈತರು ಮಾರುವ ಹಾಗಿಲ್ಲ, ನೆಮ್ಮದಿಯಾಗಿ ಉಳುವ ಹಾಗೂ ಇಲ್ಲ, ಯಾವತ್ತು ಏನಾಗುತ್ತದೋ ಎಂದು ಕಾಯಬೇಕು. ಈಗ ಬಿಡದಿ ಟೌನ್‌ಶಿಪ್. 2025ರಲ್ಲಿ ಬೈರಮಂಗಲ, ಕಂಚುಗಾರನಹಳ್ಳಿ ಸುತ್ತಮುತ್ತ 7 ಸಾವಿರಕ್ಕೂ ಹೆಚ್ಚು ಎಕರೆಗೆ ಅಧಿಸೂಚನೆ ಬಂತು. ರೇಷ್ಮೆ, ತೆಂಗು, ಹಾಲು ಇದ್ದ ಕಡೆ. ನೋಟಿಸ್ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಆಕ್ಷೇಪಣೆ ಹೇಳಲು ಹೋದರೆ ಮಾತು ಬೇಗನೆ ಎಕರೆಗೆ ಎಷ್ಟು ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಪಾಲಿಗೆ ಹೊಲ ಮಾಡುವವರು, ಕೂಲಿಗೆ ಹೋಗುವ ಹೆಂಗಸರು, ಸುಗ್ಗಿ ಆದ ಮೇಲೆ ಕುರಿಮಂದೆ ತಂದು ನಿಲ್ಲಿಸುವವರು, ಸೀಮೆಹುಲ್ಲು ಕೊಂಡು ಹಸು ಸಾಕುವವರು, ಇವರ ಹೆಸರು ಯಾವ ಪಹಣಿಯಲ್ಲೂ ಇಲ್ಲ. ಇವರನ್ನು ಕೇಳುವವರೂ ಇಲ್ಲ.

ದೇವನಹಳ್ಳಿ ತಾಲ್ಲೂಕಿನದು ಮನೆಯ ವಿಷಯವಲ್ಲ, ಕೈಗಾರಿಕೆಯದು. ಆದರೂ ಹೇಳದೆ ಇರಲಾರೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯ ಸ್ವಾಧೀನ ಬೇಡ ಅಂತ ಜನ 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಸ್ವಾಧೀನ ಕೈಬಿಟ್ಟಿದ್ದೇವೆ ಅಂತ ಮುಖ್ಯಮಂತ್ರಿ ಹೇಳಿದ್ದು 2025ರ ಜುಲೈ 15ರಂದು. ಮೂರು ವರ್ಷಕ್ಕೂ ಜಾಸ್ತಿ ರಸ್ತೆ ಬದಿಯಲ್ಲಿ ಕೂತರೇ ಕಿವಿಗೆ ಬೀಳುವುದು ಅಂದರೆ, ಅದನ್ನು ಆಕ್ಷೇಪಣೆಯ ಅವಕಾಶ ಅಂತ ಹೇಗೆ ಕರೆಯುವುದು?

ಖಾಸಗಿ ಲೇಔಟ್‌ಗಳದು ಇನ್ನೂ ಸದ್ದಿಲ್ಲದ ಕೆಲಸ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಸಾಮಾನ್ಯವಾಗಿ ಡಿಸಿ ಕನ್ವರ್ಷನ್, ಅಂದರೆ ಕೃಷಿಭೂಮಿಯನ್ನು ಬೇರೆ ಬಳಕೆಗೆ ಬದಲಿಸಲು ಜಿಲ್ಲಾಧಿಕಾರಿಯ ಅನುಮತಿ, ಆಗಬೇಕು. ಈಗ ಅಫಿಡವಿಟ್ ಹಾಕಿ ಆನ್‌ಲೈನ್‌ನಲ್ಲೇ ಅರ್ಜಿ ಕೊಡಬಹುದು. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದುಹಾಕಿದ ಮೇಲೆ ರೈತರಲ್ಲದವರೂ ಜಮೀನು ಕೊಳ್ಳಬಹುದು. ಇಷ್ಟರ ನಡುವೆ ಪಕ್ಕದ ಹೊಲದವನಿಗೆ ಸುದ್ದಿ ಗೊತ್ತಾಗುವುದು ಜೆಸಿಬಿ ಬಂದಾಗ. ಬದು ಹೋಯಿತು, ಹುಣಸೆ ಮರ ಹೋಯಿತು, 30-40 ಅಳತೆಗೆ ಕಲ್ಲು ನೆಟ್ಟರು, ರಸ್ತೆಗೆ ಒಂದು ಕಮಾನು ಕಟ್ಟಿ ಯುರೋಪಿನ ಯಾವುದೋ ಬೆಟ್ಟದ ಹೆಸರಿಟ್ಟರು. ನಮ್ಮ ಹೊಲದ ಪಕ್ಕ ಆದದ್ದು ಇದೇ. ಮೊದಲು ಕೆರೆಗೆ ಹೋಗುತ್ತಿದ್ದ ಹಳ್ಳದ ನೀರು ಈಗ ಜೋರು ಮಳೆ ಬಂದರೆ ನಮ್ಮ ರಾಗಿಗೆ ನುಗ್ಗುತ್ತದೆ, ಕೆರೆಗೆ ಹೋಗಬೇಕಾದ ನೀರು ಅಲ್ಲಿಗೆ ತಲುಪುವುದಿಲ್ಲ. ಚಿಕ್ಕಪ್ಪ ಕಚೇರಿಗೆ ಹೋಗಿ ವಿಚಾರಿಸಿದರೆ, ನಿಮ್ಮ ಸರ್ವೇ ನಂಬರ್‌ಗೆ ಏನೂ ಆಗಿಲ್ಲವಲ್ಲ ಅಂದರು. ಊರಿನವರೂ ಅದನ್ನೇ ಅಂದರು: ಅವರ ಜಮೀನು, ಅವರು ಮಾರಿಕೊಂಡರು, ನಮಗೇನು?

ನಮಗೇನು ಅನ್ನುವ ಈ ಮಾತೇ ನನ್ನ ತಕರಾರಿನ ಮೂಲ. ಇಂಗ್ಲೆಂಡಿನಲ್ಲಿ 1947ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆ ಬಂದ ಮೇಲೆ, ಜಮೀನು ನಿನ್ನದಾದರೂ ಅಲ್ಲಿ ಏನು ಕಟ್ಟಬೇಕು ಅನ್ನುವುದು ನಿನ್ನೊಬ್ಬನ ಇಷ್ಟವಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ನಮ್ಮಲ್ಲೂ ಅನುಮತಿ ಇಲ್ಲದೆ ಹೊಲವನ್ನು ಸೈಟು ಮಾಡುವ ಹಾಗಿಲ್ಲ. ಅಂದರೆ ಹಿಡಿತ ಸರ್ಕಾರದ ಕೈಯಲ್ಲೇ ಇದೆ. ಆದರೆ ಅರ್ಜಿದಾರ ಮತ್ತು ಅಧಿಕಾರಿ, ಇಬ್ಬರ ನಡುವೆಯೇ ಅದು ಮುಗಿದುಹೋಗುತ್ತದೆ. ಮಾಸ್ಟರ್ ಪ್ಲಾನ್‌ನಲ್ಲಿ ಜಮೀನಿನ ಬಳಕೆ ಬದಲಿಸಬೇಕಾದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳುವ ಪದ್ಧತಿ ಇದೆ ನಿಜ. ಆ ಮೂಲೆಯ ಸಣ್ಣ ಅಕ್ಷರವನ್ನು ನಮ್ಮ ಚಿಕ್ಕಪ್ಪ ಓದುತ್ತಾರಾ?

ನಾನು ಕೇಳುವುದು ದೊಡ್ಡದೇನಲ್ಲ. ಕನ್ವರ್ಷನ್ ಅರ್ಜಿ ಬಂದ ಕೂಡಲೇ ಆ ಹೊಲದ ಬದುವಿನ ಮೇಲೆ ಕನ್ನಡದಲ್ಲಿ ಒಂದು ಬೋರ್ಡ್ ನಿಲ್ಲಿಸಿ. ಸರ್ವೇ ನಂಬರ್, ಅರ್ಜಿ ಹಾಕಿದವರ ಹೆಸರು, ಹಳ್ಳ ಎಲ್ಲಿ, ದಾರಿ ಎಲ್ಲಿ, ಕೊಳವೆಬಾವಿ ಎಷ್ಟು ಕೊರೆಯುತ್ತಾರೆ, ಕೊಳಚೆ ನೀರು ಎಲ್ಲಿಗೆ ಬಿಡುತ್ತಾರೆ, ಅಷ್ಟು ಬರೆಯಲಿ. ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ಮೂರು ವಾರ ಕೊಡಲಿ. ಪಹಣಿ ಇಲ್ಲದವರ ಅರ್ಜಿಯನ್ನೂ ತೆಗೆದುಕೊಳ್ಳಲಿ, ಒಪ್ಪದಿದ್ದರೆ ಯಾಕೆ ಅಂತ ಬರೆದು ತಿಳಿಸಲಿ.

ಈ ಮಾತನ್ನು ಊರಿನ ಗೆಳೆಯನಿಗೆ ಹೇಳಿದೆ. ಅವನು ರಿಯಲ್ ಎಸ್ಟೇಟ್ ಬಲ್ಲವನು. ಜೋರಾಗಿ ನಕ್ಕ. ಬೋರ್ಡ್ ಹಾಕಿದ ಮಾರನೇ ದಿನವೇ ನಾಲ್ಕು ಜನ ಪುಢಾರಿಗಳು ಆಕ್ಷೇಪಣೆ ಬರೆದು, ವಾಪಸ್ ತಗೋಬೇಕಾದರೆ ಇಷ್ಟು ಕೊಡಿ ಅಂತ ವಸೂಲಿಗೆ ನಿಲ್ಲುತ್ತಾರೆ ಅಂದ. ಸುಮ್ನೆ ಹೇಳಿದ ಮಾತಲ್ಲ ಅದು, ಹಾಗೆ ಆಗುವ ಸಾಧ್ಯತೆ ಇದೆ. ಆದರೆ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಪ್ರತಿ ಪತ್ರವೂ ಎಲ್ಲರ ಕಣ್ಣಿಗೆ ಬೀಳುತ್ತದೆ, ಬರೆದವರ ಹೆಸರು ಸಮೇತ. ನಮ್ಮಲ್ಲೂ ಹಾಗೇ ಮಾಡಿ, ಪತ್ರ ವಾಪಸ್ ಪಡೆದರೂ ಅದರಲ್ಲಿ ಹೇಳಿದ ವಿಷಯಕ್ಕೆ ಅಧಿಕಾರಿ ಉತ್ತರ ಬರೆಯಲೇಬೇಕು ಅಂತ ನಿಯಮ ಮಾಡಿದರೆ, ಪತ್ರ ಮಾರಿಕೊಂಡು ಯಾರಿಗೂ ಲಾಭವಿಲ್ಲ. ವಸೂಲಿ ನಡೆಯುವುದು ಕಾಗದ ಬೀರುವಿನಲ್ಲಿ ಇರುವಾಗ.

ಇಲ್ಲಿ ಅರ್ಜಿ ತೀರ್ಮಾನಿಸುವ ಕೌನ್ಸಿಲ್ ಸಮಿತಿಯ ಸಭೆ ಇನ್ನೂ ಆಗಬೇಕು. ಮಾತಾಡಲು 3 ನಿಮಿಷ ಕೊಡುತ್ತಾರೆ, ಊರಿನ ಪರವಾಗಿ ಬೇರೊಬ್ಬರು ಮಾತಾಡುತ್ತಾರೆ. ಬಹುಶಃ ಅನುಮತಿ ಸಿಕ್ಕೇ ಸಿಗುತ್ತದೆ. ಆದರೆ ಕೆಳಗಿನ ಬೀದಿಯವರು ಬರೆದ ಪತ್ರಗಳಿಂದಾಗಿ ಮಳೆನೀರು ಹಿಡಿಯುವ ಹೊಂಡವನ್ನು ಮೊದಲಿಗಿಂತ ದೊಡ್ಡದು ಮಾಡಿ ಬಿಲ್ಡರ್ ಈಗಾಗಲೇ ಹೊಸ ನಕ್ಷೆ ಕೊಟ್ಟಿದ್ದಾರೆ. ಅಷ್ಟೇ ಒಂದು ಹೊಂಡ ದೊಡ್ಡಬಳ್ಳಾಪುರದಲ್ಲಿ ಆಗಿದ್ದರೆ ಚಿಕ್ಕಪ್ಪನ ರಾಗಿ ಮುಳುಗುತ್ತಿರಲಿಲ್ಲ.