ಅಬ್ಬಿ ನಿಂತ ತಾರೀಖು

ನಮ್ಮ ಮನೆಗೆ ನೀರು ಬರುವುದು ಗುಡ್ಡದ ಅಬ್ಬಿಯಿಂದ. ಪೈಪು ಹಾಕಿದ್ದೇವೆ ಅಷ್ಟೆ, ಪಂಪೂ ಬೇಡ, ಕರೆಂಟೂ ಬೇಡ. ಪ್ರತಿ ವರ್ಷ ಅಬ್ಬಿ ನಿಂತ ದಿನ ಅಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಒಂದು ಸುತ್ತು ಹಾಕುತ್ತಾರೆ. ಹಳೇ ಕ್ಯಾಲೆಂಡರುಗಳೆಲ್ಲ ಅಟ್ಟದ ಮೇಲಿವೆ. ಮೊದಲು ಆ ಸುತ್ತು ಏಪ್ರಿಲ್ ಕೊನೆಯಲ್ಲಿರುತ್ತಿತ್ತು. ಈಗ ಫೆಬ್ರವರಿಗೇ ಬಂದಿದೆ. ಮೇಲಿನ ಬ್ಯಾಣದಲ್ಲಿ, ಅಂದರೆ ದನ ಮೇಯುವ ಹುಲ್ಲುಗುಡ್ಡದಲ್ಲಿ, ಹುಲ್ಲು ಹೋಗಿ ಅಕೇಶಿಯಾ ನೆಡುತೋಪು ಎದ್ದಿದೆ. ಅದರ ಕೆಳಗೆ ಹೋಗಿ ನೋಡಿ, ದಪ್ಪ ದರಕು (ಒಣಗಿದ ಎಲೆ) ಬಿಟ್ಟರೆ ದನ ಬಾಯಿ ಹಾಕುವಂಥದ್ದು ಏನೂ ಇಲ್ಲ.

ಹಾಗಂತ ಎಲ್ಲವನ್ನೂ ಅಕೇಶಿಯಾ ತಲೆಗೇ ಕಟ್ಟುವುದಿಲ್ಲ. ಊರಲ್ಲಿ ಬೋರ್‌ವೆಲ್ ಜಾಸ್ತಿ ಆಗಿವೆ. ಗದ್ದೆ ಹೋಗಿ ಅಡಿಕೆ ತೋಟ ಬಂದಿದೆ, ನಮ್ಮದೂ ಸೇರಿ. ಯಾವುದರ ಪಾಲು ಎಷ್ಟು ಅಂತ ಹೇಳಬೇಕಾದರೆ ನೆಡುವ ಮುಂಚೆಯೇ ಯಾರಾದರೂ ನೀರು ಅಳೆದಿರಬೇಕಿತ್ತು. ನಮ್ಮಲ್ಲಿ ಅಳೆದದ್ದು ಅಪ್ಪನ ಪೆನ್ಸಿಲ್ ಮಾತ್ರ.

ಅಳೆಯಿರಿ ಅಂತ ಇಐಎ ನಿಯಮವೂ, ಅಂದರೆ ಯೋಜನೆ ಶುರುವಾಗುವ ಮುಂಚೆ ಅದರಿಂದ ಪರಿಸರಕ್ಕೆ ಏನಾಗುತ್ತದೆ ಅಂತ ಅಂದಾಜು ಮಾಡಿಸುವ ನಿಯಮವೂ, ಹೇಳುವುದಿಲ್ಲ. 2006ರ ಇಐಎ ಅಧಿಸೂಚನೆಯ ಪಟ್ಟಿ ತೆಗೆದು ನೋಡಿ. ಗಣಿ ಇದೆ, ಅಣೆಕಟ್ಟು ಇದೆ, ಹೆದ್ದಾರಿ ಇದೆ. ಕಾಗದದ ಕಾರ್ಖಾನೆಯೂ ಇದೆ. ಆ ಕಾರ್ಖಾನೆಗೆ ಮರ ಬೆಳೆದುಕೊಡುವ ನೆಡುತೋಪು ಮಾತ್ರ ಇಲ್ಲ! ಮಿಲ್ಲಿನಿಂದ ಹೊರಬರುವ ನೀರಿಗೆ ಲೆಕ್ಕ ಉಂಟು, ಗುಡ್ಡದ ತುಂಬ ಬೇರು ಹೀರುವ ನೀರಿಗಿಲ್ಲ. ಹಸಿರು ತಾನೇ, ಇರಲಿ ಬಿಡಿ ಅನ್ನುವ ಧೋರಣೆ.

ಅಳೆಯುವುದು ಆಗದ ಕೆಲಸ ಅಂತಲೂ ಹೇಳುವಂತಿಲ್ಲ. ನೀಲಗಿರಿ ಬೆಟ್ಟದ ಗ್ಲೆನ್‌ಮಾರ್ಗನ್‌ನಲ್ಲಿ ಊಟಿಯ ಮಣ್ಣು-ನೀರು ಸಂಶೋಧನಾ ಕೇಂದ್ರದವರು ಅಕ್ಕಪಕ್ಕದ ಎರಡು ಪುಟ್ಟ ಹುಲ್ಲುಗಾವಲು ಕಣಿವೆ ಆರಿಸಿಕೊಂಡರು. 1968ರಿಂದ ಎರಡರ ಹಳ್ಳದ ನೀರನ್ನೂ ಸುಮ್ನೆ ಅಳೆಯುತ್ತಾ ಕೂತರು. 1972ರಲ್ಲಿ ಒಂದು ಕಣಿವೆಯ 59% ಜಾಗಕ್ಕೆ ಮಾತ್ರ ಬ್ಲೂಗಮ್ ನೀಲಗಿರಿ ನೆಟ್ಟರು. ಇನ್ನೊಂದನ್ನು ಮುಟ್ಟಲಿಲ್ಲ. ಮೊದಲ ಕಟಾವಿನ ತನಕದ ಹತ್ತು ವರ್ಷದಲ್ಲಿ ವಾರ್ಷಿಕ ನೀರು 16% ಇಳಿಯಿತು. ಕಡಿದ ಬುಡ ಚಿಗುರಿ ಬೆಳೆದ ಎರಡನೇ ಸುತ್ತಿನಲ್ಲಿ ಇಳಿಕೆ 25% ದಾಟಿತು. ಬೇಸಿಗೆಯ ಹರಿವಿಗೆ ಬಿದ್ದ ಪೆಟ್ಟು ಇದಕ್ಕಿಂತ ದೊಡ್ಡದು. ಮೊದಲ ಸುತ್ತಿನಲ್ಲೇ ಆ ಹರಿವನ್ನು ತೋರಿಸುವ ಸೂಚ್ಯಂಕ ಅರ್ಧಕ್ಕೆ ಇಳಿದಿತ್ತು. ಊರಿನವರಿಗೆ ಬೇಕಾಗುವುದು ಆ ನೀರೇ ಅಲ್ವಾ? ಜುಲೈನಲ್ಲಿ ಹಳ್ಳ ತುಂಬಿ ಹರಿದರೆ ಯಾರಿಗೆ ಉಪಯೋಗ?

ಈ ನಾಲ್ಕು ವರ್ಷದ ತಾಳ್ಮೆಯನ್ನು ನಮ್ಮ ಇಐಎ ವರದಿಗಳ ಪಕ್ಕ ಇಟ್ಟು ನೋಡಿ. ಅಲ್ಲಿ ಸಾಮಾನ್ಯವಾಗಿ ಒಂದು ಋತುವಿನ, ಅಂದರೆ ಮೂರು ತಿಂಗಳ ಮಾಹಿತಿ ಇರುತ್ತದೆ. ಗಣಿಗೆ ಅದು ಸಾಕೋ ಇಲ್ಲವೋ, ಮರಕ್ಕಂತೂ ಏನೇನೂ ಸಾಲದು. ಮರ ನೀರು ಕುಡಿಯುವುದು ವರ್ಷ ಕಳೆದಂತೆ ಹೆಚ್ಚುತ್ತದೆ.

ದಕ್ಷಿಣ ಆಫ್ರಿಕಾದವರು ಇದನ್ನು ನೇರವಾಗಿ ಒಪ್ಪಿಕೊಂಡಿದ್ದಾರೆ. ಅವರ 1998ರ ಜಲ ಕಾಯ್ದೆಯ ಪ್ರಕಾರ ವಾಣಿಜ್ಯ ನೆಡುತೋಪು ಅಂದರೆ ಹೊಳೆಯ ಹರಿವು ತಗ್ಗಿಸುವ ಚಟುವಟಿಕೆ. ನೆಡುವ ಮುಂಚೆ ನೀರಿನ ಲೈಸೆನ್ಸ್ ತೆಗೆದುಕೊಳ್ಳಬೇಕು.

ನಮ್ಮಲ್ಲಿ ಈ ಪ್ರಶ್ನೆ ಕೇಳಿದ್ದು ಹಳ್ಳಿಯವರು. 1984ರಲ್ಲಿ ಸರ್ಕಾರ ಮತ್ತು ಮರದಿಂದ ಪಲ್ಪ್ (ತಿರುಳು) ಮಾಡುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಕಟ್ಟಿದವು. ನೀಲಗಿರಿ ಬೆಳೆಸಲು ಗೊತ್ತುಮಾಡಿದ್ದು 30,000 ಹೆಕ್ಟೇರ್. ಅದು ದನ ಮೇಯುವ, ಸೌದೆ ತರುವ ಜಾಗ. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಅದೇ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಕಂಪನಿ ಕೊನೆಗೆ ಬಾಗಿಲು ಹಾಕಿತು.

ನನಗೆ ಬೇಕಾದ್ದು ಅಷ್ಟು ದೊಡ್ಡದೇನಲ್ಲ. ಹೊಳೆ ಹುಟ್ಟುವ ಗುಡ್ಡದಲ್ಲಿ ದೊಡ್ಡ ನೆಡುತೋಪು ಮಾಡುವವರು, ಸರ್ಕಾರವೇ ಆಗಲಿ ಖಾಸಗಿಯವರೇ ಆಗಲಿ, ಕನಿಷ್ಠ ಎರಡು ಬೇಸಿಗೆ ಕೆಳಗಿನ ಹಳ್ಳ ಅಳೆದು ಆಮೇಲೆ ಗುಂಡಿ ತೆಗೆಯಲಿ. ಪಕ್ಕದಲ್ಲಿ ಒಂದು ಹಳ್ಳವನ್ನು ಹೋಲಿಕೆಗೆ ಅಂತ ಹಾಗೇ ಬಿಡಲಿ. ನಮ್ಮ ಅಡಿಕೆ, ಬೋರ್‌ವೆಲ್ ಲೆಕ್ಕವನ್ನೂ ಹಿಡಿಯಲಿ, ಬೇಜಾರಿಲ್ಲ.

ಮೊನ್ನೆ ಅಟ್ಟ ಹತ್ತಿ ಕ್ಯಾಲೆಂಡರುಗಳ ಫೋಟೊ ತೆಗೆಯಲು ಶುರು ಮಾಡಿದೆ. ನಾಲ್ಕನ್ನು ಗೆದ್ದಲು ತಿಂದಿದೆ. ನಿಮ್ಮ ಮನೆಯಲ್ಲೂ ಹಿರಿಯರು ಹೀಗೆ ಎಲ್ಲಾದರೂ ಗುರುತು ಹಾಕಿದ್ದರೆ ಕೆಳಗೆ ಬರೆಯಿರಿ, ಊರು ಮತ್ತು ತಿಂಗಳು ಸಾಕು.