ಟ್ಯಾಬರ್ಡ್ ಇನ್ನಿನ ಓನರ್ ಯಾರು ಸ್ವಾಮಿ?

ಬೆಳಗ್ಗೆಯಿಂದ ತಲೆ ಕೆಟ್ಟಿದೆ. ನಾನು ಲಂಡನ್ನಲ್ಲಿ ಮಗಳ ಮನೆಯಲ್ಲಿರೋದು ನಿಮಗೆ ಗೊತ್ತಲ್ಲ, ಅಪ್ಪ ಮನೆಯಲ್ಲಿ ಸುಮ್ನೆ ಕೂತು ಬೇಜಾರು ಮಾಡಿಕೊಳ್ಳೋದು ಬೇಡ ಅಂತ ಅವಳೇ ದುಡ್ಡು ಕಟ್ಟಿ ಒಂದು ವಾಕಿಂಗ್ ಟೂರಿಗೆ ಅಟ್ಟಿದಳು. ಸದರ್ಕ್ ಕಡೆಗೆ. ಥೇಮ್ಸ್ ನದಿಯ ಈಚೆ ದಡ, 'ಬರೋ ಮಾರ್ಕೆಟ್' ಅನ್ನೋ ಸಂತೆ ಇರುವ ಜಾಗ.

ಗೈಡ್ ಹುಡುಗ ನಮ್ಮನ್ನು ಟ್ಯಾಲ್ಬಟ್ ಯಾರ್ಡ್ ಅನ್ನೋ ಓಣಿಯ ಬಾಯಲ್ಲಿ ನಿಲ್ಲಿಸಿದ. ಟ್ಯಾಬರ್ಡ್ ಇನ್ ಅನ್ನೋ ಹಳೇ ವಸತಿಗೃಹ ಇಲ್ಲೇ ಇತ್ತು, ಹದಿನಾಲ್ಕನೇ ಶತಮಾನದ ಇಂಗ್ಲಿಷ್ ಕವಿ ಚಾಸರ್‌ನ 'ಕ್ಯಾಂಟರ್‌ಬರಿ ಟೇಲ್ಸ್' ಕಾವ್ಯದ ಯಾತ್ರಿಕರು ಕ್ಯಾಂಟರ್‌ಬರಿಗೆ ಹೊರಟಿದ್ದು ಇಲ್ಲಿಂದಲೇ ಅಂದ. ಎಲ್ಲರೂ ಫಲಕದ ಫೋಟೋ ಹೊಡೆದರು. ಎರಡೇ ನಿಮಿಷ, ಮುಂದಕ್ಕೆ ನಡೀರಿ. ನಾನು ತಡೆದು, ಈ ಪಬ್ಬು ನಡೆಸುತ್ತಿದ್ದವನು ಯಾರಪ್ಪ ಅಂತ ಕೇಳಿದೆ. ಅದು ಕಥೆಯಲ್ಲಿ ಬರೋ ಪಾತ್ರ ಅಷ್ಟೇ ಅಂದ.

ಪಾತ್ರವಂತೆ!

ಆ ಇನ್ ನಡೆಸುತ್ತಿದ್ದ ಹ್ಯಾರಿ ಬೇಲಿ ರಕ್ತಮಾಂಸದ ಮನುಷ್ಯ ಕಣ್ರೀ. 1380-81ರ ಸದರ್ಕ್ ತೆರಿಗೆ ಪಟ್ಟಿಯಲ್ಲಿ ಹೆನ್ರಿ (ಹ್ಯಾರಿ ಅಂದರೆ ಹೆನ್ರಿಯೇ) ಬೇಲಿಫ್, ವಸತಿಗೃಹದವನು, ಹೆಂಡತಿಯ ಹೆಸರು ಕ್ರಿಶ್ಚಿಯನ್, ತೆರಿಗೆ ಎರಡು ಶಿಲಿಂಗ್ ಅಂತ ಇದೆ. 1376ರಲ್ಲಿ, ಮತ್ತೆ 1378ರಲ್ಲಿ ಸದರ್ಕಿನಿಂದ ಪಾರ್ಲಿಮೆಂಟಿಗೆ ಹೋಗಿ ಕೂತವನು. ಚಾಸರ್ ಕೆಂಟ್‌ನಿಂದ ಪಾರ್ಲಿಮೆಂಟಿಗೆ ಹೋಗಿದ್ದು 1386ರಲ್ಲಿ, ಅಂದರೆ ಗಲ್ಲಾದವನು ಹೋಗಿ ಹತ್ತು ವರ್ಷ ಆದಮೇಲೆ. ಕವಿತೆಯಲ್ಲಿ ಬೇಲಿ ತನ್ನ ಹೆಂಡತಿಯ ಬಾಯಿಯ ಬಗ್ಗೆ ಗೋಳಾಡುತ್ತಾನೆ, ಅಲ್ಲಿ ಅವಳ ಹೆಸರು ಗುಡ್‌ಲೀಫ್. ಪಾಪ, ಹೆಂಡತಿಯ ಹೆಸರೂ ಅವನ ಪಾಲಿಗೆ ಉಳಿಯಲಿಲ್ಲ.

ಚಾಸರ್ ಬರೆಯದಿದ್ದರೆ ಆ ಬೇಲಿಯನ್ನು ಯಾರು ಮೂಸುತ್ತಿದ್ದರು ಅಂತ ಕೆಳಗೆ ಯಾರಾದರೂ ಕಾಮೆಂಟ್ ಹಾಕೇ ಹಾಕುತ್ತೀರಿ. ಸರಿ, ಒಪ್ಪಿದೆ. ಆದರೆ ಬರೆದೂ ಏನಾಯ್ತು? ಗೈಡ್ ಬಾಯಲ್ಲಿ ಬಂತಾ ಹೆಸರು? ಇಡೀ ಕಥೆ ಹೇಳೋ ಪಂದ್ಯ ಶುರು ಮಾಡಿದ್ದೇ ಬೇಲಿ. ಹೋಗ್ತಾ ಎರಡು ಕಥೆ, ಬರ್ತಾ ಎರಡು. ಗೆದ್ದವನಿಗೆ ಉಳಿದವರೆಲ್ಲ ಸೇರಿ ಊಟ ಹಾಕಿಸಬೇಕು. ಎಲ್ಲಿ? ವಾಪಸ್ ಬಂದು ಬೇಲಿಯ ಟ್ಯಾಬರ್ಡಿನಲ್ಲೇ! ತೀರ್ಪುಗಾರನೂ ಬೇಲಿಯೇ, ತೀರ್ಪಿಗೆ ಎದುರಾಡಿದವನು ದಾರಿಖರ್ಚೆಲ್ಲ ಕೊಡಬೇಕು. ಗಿರಾಕಿಗಳು ಇನ್ನೂ ಬಾಗಿಲು ದಾಟಿಲ್ಲ, ವಾಪಸ್ ಬರೋ ದಿನದ ಊಟ ಬುಕ್ ಆಗಿಹೋಯ್ತು. ಇದಕ್ಕಿಂತ ಚೆನ್ನಾದ ಹೋಟೆಲ್ ಬುದ್ಧಿ ನಾನಂತೂ ಕಂಡಿಲ್ಲ. ಯಾತ್ರಿಕರಲ್ಲೊಬ್ಬ, ಕಂಠಪೂರ್ತಿ ಕುಡಿದ ಗಿರಣಿಯವನು, ನಾನೇನಾದರೂ ಹೆಚ್ಚುಕಮ್ಮಿ ಮಾತಾಡಿದರೆ ಅದು ಸದರ್ಕಿನ ಏಲ್ ಅನ್ನೋ ಬಿಯರಿನ ತಪ್ಪು ಅಂತಾನೆ. ಆ ಏಲ್ ಕುಡಿದದ್ದು ಇನ್ನೆಲ್ಲಿ?

ಇನ್ನು ಬೇಲಿ ಆದಮೇಲೆ ಬಂದವರ ಕಥೆ ಕೇಳಿ. ಜಾಗ ಬೇಲಿಗೂ ಮುಂಚಿನಿಂದಲೇ ವಿಂಚೆಸ್ಟರ್ ಕಡೆಯ ಹೈಡ್ ಮಠದ್ದು, 1307ರಲ್ಲಿ ಮಠಾಧೀಶರು ಕೊಂಡಿದ್ದು. ಮಠಗಳು ಮುಚ್ಚಿದ ಮೇಲೆ ಕೈ ಬದಲಾಯಿತು. 1676ರಲ್ಲಿ ಸದರ್ಕಿಗೆ ಬೆಂಕಿ ಬಿದ್ದು ಟ್ಯಾಬರ್ಡೂ ಸುಟ್ಟುಹೋಯ್ತು. ಯಾರೋ ಪುಣ್ಯಾತ್ಮ ಮತ್ತೆ ಕಟ್ಟಿದ. ಆಗಿನ ಬೋರ್ಡಿನಲ್ಲಿ ಟ್ಯಾಬರ್ಡ್ ಹೋಗಿ ಟ್ಯಾಲ್ಬಟ್ ಬಂತು. ಟ್ಯಾಬರ್ಡ್ ಅಂದರೆ ತೋಳಿಲ್ಲದ ಮೇಲಂಗಿ, ಟ್ಯಾಲ್ಬಟ್ ಅಂದರೆ ಬೇಟೆನಾಯಿ. ಅಷ್ಟಕ್ಕೇ ಜಾನ್ ಆಬ್ರೆ ಎಂಬ ಪಂಡಿತ, ಇದು ಅಜ್ಞಾನಿ ಮಾಲೀಕನದೋ ಬಾಡಿಗೆದಾರನದೋ ಕೆಲಸ ಅಂತ ಬರೆದಿಟ್ಟುಹೋದ. ನೋಡಿ, ಬೂದಿಯಿಂದ ಎಬ್ಬಿಸಿ ನಿಲ್ಲಿಸಿದವನಿಗೆ ಸಿಕ್ಕ ಬಿರುದು ಅಜ್ಞಾನಿ! ಚಾಸರ್‌ಗೆ ಮಾತ್ರ ಆ ಇನ್ನಿನ ಬೋರ್ಡು ಪುಕ್ಕಟೆ 'ಸರ್' ಪದವಿ ಕೊಟ್ಟಿತ್ತು. ಯಾವ ರಾಜನೂ ಕೊಟ್ಟಿರದ ಪದವಿ.

ನನಗೆ ಇಷ್ಟು ಉರಿ ಯಾಕೆ ಅಂತ ಹಳೇ ಸ್ನೇಹಿತರಿಗೆ ಗೊತ್ತು. ನಮ್ಮಪ್ಪ ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವರು. ಒಬ್ಬ ದೊಡ್ಡ ನಟ ಒಂದು ರಾತ್ರಿ ತಂಗಿದ್ದ ರೂಮಿನ ನಂಬರ್ ಊರಿನವರ ಬಾಯಲ್ಲಿ ಇವತ್ತಿಗೂ ಇದೆ. ಬೆಳಗಿನ ಜಾವ ಎದ್ದು ಆ ನಟನ ಸ್ನಾನಕ್ಕೆ ಹಂಡೆ ಕಾಯಿಸಿದವರು ನಮ್ಮಪ್ಪ. ನಾನೂ ಆ ಗಲ್ಲಾದಲ್ಲಿ ಕೂರೋಕೆ ನಾಚಿಕೊಂಡು ಬ್ಯಾಂಕ್ ಕೆಲಸಕ್ಕೆ ಓಡಿದವನೇ ಬಿಡಿ.

ಟ್ಯಾಬರ್ಡನ್ನು ಕೊನೆಗೆ ಕೊಂದದ್ದು ರೈಲು. 1836ರಲ್ಲಿ ಪಕ್ಕದಲ್ಲೇ ಲಂಡನ್ ಬ್ರಿಡ್ಜ್ ಸ್ಟೇಷನ್ ಬಂತು. ಕುದುರೆಗಾಡಿ ನಿಂತಿತು, ರಾತ್ರಿ ತಂಗೋರು ಕಡಿಮೆಯಾದರು. 1870ರ ದಶಕದಲ್ಲಿ ಕೆಡವಿದರು. ಇವತ್ತು ಆ ಓಣಿಯಲ್ಲಿ ನಾನು ಕಂಡದ್ದು ಕಸದ ಡಬ್ಬಿಗಳು, ಒಂದು ವ್ಯಾನು, ಸಿಗರೇಟು ಸೇದುತ್ತಾ ಫೋನ್ ನೋಡುತ್ತಿದ್ದ ಅಡುಗೆಯವನು.

ಗುಂಪನ್ನು ಅಲ್ಲೇ ಬಿಟ್ಟು ಒಂಟಿಯಾಗಿ ಪಕ್ಕದ ಜಾರ್ಜ್ ಇನ್ನಿಗೆ ನುಗ್ಗಿದೆ. ಅದೇ ಬೆಂಕಿಯಲ್ಲಿ ಸುಟ್ಟು, ಮತ್ತೆ ಕಟ್ಟಿಸಿಕೊಂಡು, ಅರ್ಧಕ್ಕರ್ಧ ರೈಲ್ವೆಯವರ ಕೈಯಲ್ಲಿ ಕೆಡವಿಸಿಕೊಂಡು ಉಳಿದಿರುವ ಕಟ್ಟಡ, ಈಗ ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟಿನದು. ಅರ್ಧ ಪಿಂಟ್ ಏಲ್ ತಗೊಂಡು ಕೌಂಟರ್ ಹುಡುಗಿಯನ್ನು ಕೇಳಿದೆ, ಇಲ್ಲಿನ ಯಜಮಾನರು ಯಾರಮ್ಮ?

"ಮ್ಯಾನೇಜರ್ ಇವತ್ತು ರಜೆ" ಅಂದಳು.